ಗೋದಾವರಿಯದೇ ನೀರಿನಲ್ಲಿ

ಬೆಳಿಗ್ಗೆ ನಾಸಿಕ್‌ನ ಘಾಟಿನಲ್ಲಿ ಜಲವರ್ಣದ ಪೆಟ್ಟಿಗೆ ಬಿಚ್ಚಿ ಕೂತೆ. ಯಾವ ನದಿಯನ್ನು ಬರೆದರೂ ಬಣ್ಣ ಕಲಸಲು ಅದರದೇ ನೀರು ಬೇಕೆಂಬುದು ನನ್ನ ಹಟ. ಮಂಜಿನಲ್ಲಿದ್ದ ಆಚೆ ದಡವನ್ನು ತೆಳು ನೀಲಿಯಲ್ಲಿ ಮಸುಕಾಗಿಸಿದೆ. ಹಾಳೆಯಲ್ಲಿ ಈಚೆಯ ಬಂಡೆಗಳ ಮೇಲೆ ಮಾತ್ರ ನಾನು ಹಾಕದ ಬೂದು ತರಿ ಮೂಡತೊಡಗಿತು, ಮುಟ್ಟಿದರೆ ಒರಟೆನಿಸುವಷ್ಟು.

“ಎಂಥ ನಿಜವಾದ ಕಲ್ಲು ಮೂಡಿಬಂತಲ್ಲ,” ಎಂದು ಗಟ್ಟಿಯಾಗಿಯೇ ಹೇಳಿಕೊಂಡು ಇನ್ನಷ್ಟು ನೀರು ಮೊಗೆದೆ.

ಕನ್ನಡ ಕೇಳಿ, ಪಕ್ಕದ ಮೆಟ್ಟಿಲಲ್ಲಿ ಖಾಲಿ ಮಡಕೆ ಹಿಡಿದು ನಿಂತಿದ್ದ ಹೆಂಗಸು ತಿರುಗಿದಳು. ಕಟ್ಟಡ ಕೆಲಸಕ್ಕೆ ಬಂದವಳಿರಬೇಕು; ಮಾತು ವಿಜಯಪುರದ ಕಡೆಯದು.

“ಅಣ್ಣಾರ, ಅಲ್ಲಿ ನೀರು ತಗೋಬ್ಯಾಡ್ರಿ. ಈಗಷ್ಟ ನಮ್ಮ ಅತ್ತಿಯವರ ಬೂದಿ ಬಿಟ್ಟೇವ್ರಿ.”

ನಾನು ಹಾಳೆ ಹರಿಯಲು ಹೋದೆ. ಅವಳು ಚಿತ್ರದ ಬಂಡೆಯ ಮೇಲಿನ ತರಿಯನ್ನೇ ನೋಡುತ್ತಿದ್ದಳು.

“ಹರೀಬ್ಯಾಡ್ರಿ,” ಅಂದಳು ಮೆಲ್ಲಗೆ. “ಆಕಿ ಇನ್ನಾ ಒಣಗಿಲ್ಲ.”