ಪದ್ಮಣ್ಣ ಸೋಸಿದ ನೀರು

ಮೊನ್ನೆ ನಮ್ಮಣ್ಣ ಪದ್ಮಣ್ಣನ ಮನೆಗೆ ಹೋಗಿದ್ದೆ. ಅವನ ಮೊಮ್ಮಗ ತಾನು ತಿಂದ ತಟ್ಟೆಯನ್ನು ತಾನೇ ಎತ್ತಿಟ್ಟ. ಅಷ್ಟಕ್ಕೇ ಮನೆಮಂದಿಯೆಲ್ಲ ಚಪ್ಪಾಳೆ ತಟ್ಟಿದರು! ಅಣ್ಣ ಮಾತ್ರ ತಟ್ಟಲಿಲ್ಲ. ನಲ್ಲಿಗೆ ಕಟ್ಟಿದ್ದ ಒದ್ದೆ ಬಟ್ಟೆಯತ್ತ ಕೈ ತೋರಿಸಿ, "ನಿನ್ನ ವಯಸ್ಸಲ್ಲಿ ನಾನು ಮನೆಗೆಲ್ಲ ಬಾವಿ ನೀರು ಸೇದಿ ಸೋಸ್ತಿದ್ದೆ ಕಣೋ. ಯಾರೂ ಹೇಳಿಕೊಡಲಿಲ್ಲ. ಜವಾಬ್ದಾರಿ ಅನ್ನೋದು ರಕ್ತದಲ್ಲೇ ಬರಬೇಕು" ಅಂದ. ಕುಡಿಯುತ್ತಿದ್ದ ಕಾಫಿ ನನ್ನ ನೆತ್ತಿಗೇರಿತು.

ರಕ್ತವಂತೆ, ರಕ್ತ! ಕೇಳಿ, ಆ ರಕ್ತದ ಕಥೆ ಹೇಳುತ್ತೇನೆ.

ನಾವು ಜೈನರು; ಜಿನನಾಥಪುರದ ನಮ್ಮ ಮನೆಯಲ್ಲಿ ಸೋಸದ ನೀರನ್ನು ಯಾರೂ ಬಾಯಿಗೆ ಹಾಕುತ್ತಿರಲಿಲ್ಲ. ಸೋಸುವುದೇನು ಮಹಾ ಅನ್ನಬೇಡಿ. ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ, ಬಟ್ಟೆ ಮಗುಚಿ, ಸೋಸಿದ ನೀರಿನಲ್ಲೇ ಅದನ್ನು ಜಾಲಿಸಿ, ಆ ನೀರನ್ನು ಸೇದಿದ ಬಾವಿಗೇ ಮೆಲ್ಲಗೆ ಇಳಿಸಬೇಕು. ಬಟ್ಟೆಗೆ ಸಿಕ್ಕ, ಕಣ್ಣಿಗೆ ಕಾಣದ ಜೀವಗಳು ವಾಪಸು ಮನೆ ಸೇರಬೇಕಲ್ಲ! ಈ ಕೆಲಸ ನನ್ನದು. ಪದ್ಮಣ್ಣನದು ಅಪ್ಪ ಬಸದಿಗೆ ಹೊರಟಾಗ ಛತ್ರಿ ತಂದುಕೊಡುವ ಕೆಲಸ. ಮಳೆ ಇಲ್ಲದ ದಿನ ಅದೂ ಇಲ್ಲ. ಆದರೂ ಅಪ್ಪ ಬಂದವರ ಮುಂದೆಲ್ಲ, "ಮನೆ ನಿಬಾಯ್ಸೋನು ನಮ್ ಪದ್ಮ" ಅನ್ನುತ್ತಿದ್ದರು. ಛತ್ರಿ ನಿಭಾಯಿಸಿದ್ದೇ ಹೆಚ್ಚು.

ನನ್ನ ಮಿಡ್ಲ್‌ ಸ್ಕೂಲ್ ಪರೀಕ್ಷೆ ಚನ್ನರಾಯಪಟ್ಟಣದಲ್ಲಿ. ಪಾಸಾದರೆ ಹೈಸ್ಕೂಲು, ಇಲ್ಲದಿದ್ದರೆ ಮದುವೆ. ಅವತ್ತೇ ಅಮ್ಮ ಮುಟ್ಟಾಗಿ ಹೊರಗೆ ಕೂರಬೇಕೆ! ನೀರಿನ ಕೆಲಸವನ್ನು ಪದ್ಮಣ್ಣನಿಗೆ ಒಪ್ಪಿಸಿ ಬಸ್ಸು ಹತ್ತಿದೆ.

ಸಂಜೆ ಬಂದರೆ ಅಜ್ಜಿ ತುಟಿ ಒಣಗಿಸಿಕೊಂಡು ಕಂಬಕ್ಕೊರಗಿ ಕೂತಿದ್ದಳು. ಬೆಳಿಗ್ಗೆ ಲೋಟ ಎತ್ತುವ ಮುಂಚೆ ಪದ್ಮಣ್ಣನನ್ನು ಕೇಳಿದ್ದಳಂತೆ:

"ಬಟ್ಟೆ ಜಾಲ್ಸಿದ್ ನೀರ ಎಲ್ಲಿಗ್ ಬುಟ್ಟೆಲಾ?"

"ಮಲ್ಲಿಗೆ ಗಿಡಕ್ ಉಯ್ದೆ ಕಣಜ್ಜಿ. ಯಾಕ್ ದಂಡ ಮಾಡ್ಬೇಕು?"

ಅಷ್ಟು ಜೀವ ಹೋದವಲ್ಲ ಎಂದು ಅಜ್ಜಿ ಅಂದು ತೊಟ್ಟು ನೀರೂ ಮುಟ್ಟಲಿಲ್ಲ. ಅಪ್ಪನ ತೀರ್ಪೇನು ಗೊತ್ತೆ? "ಹೆಣ್ಣುಡ್ಗಿ ಒಂದಿನ ಓಗಿದ್ಕೇ ಮನೆ ಇಂಗಾಯ್ತು. ಇನ್ ಇಸ್ಕೂಲು ಸಾಕು." ಗಿಡಕ್ಕೆ ಹುಯ್ದ ಮಹಾನುಭಾವ ಬಾಗಿಲ ಮರೆಯಲ್ಲಿ ನಿಂತು ಹೌದು ಹೌದು ಎಂದು ತಲೆಯಾಡಿಸಿದ. ನಾನು ಗೊಳೋ ಎಂದು ಅತ್ತುಬಿಟ್ಟೆ.

ಅಜ್ಜಿ ಕೂತಲ್ಲಿಂದಲೇ ಅಂದಳು: "ನಾಳೆಯಿಂದ ಪದ್ಮ ಸೋಸಿದ್ ನೀರೇ ನಾನ್ ಕುಡ್ಯೋದು. ಇಲ್ದಿದ್ರೆ ಇಂಗೇ ಇರ್ತೀನಿ. ಈ ಎಣ್ಮಗ ಇಸ್ಕೂಲ್ಗೆ ಓಗ್ಲಿ."

"ಗಂಡುಡ್ಗ ಕಣವ್ವಾ ಅವ್ನು..."

"ಯಾಕೆ, ಗಂಡುಡ್ಗನ್ ಕೈಗೆ ಅಗ್ಗ ಸಿಗಾಕಿಲ್ವಾ?"

ಮಾರನೆಯ ಬೆಳಿಗ್ಗೆ ಪದ್ಮಣ್ಣ ಮೂಗೊರೆಸಿಕೊಳ್ಳುತ್ತ ಹಗ್ಗ ಹಿಡಿದ. ಅಜ್ಜಿ ಬಾವಿಕಟ್ಟೆಯ ಮೇಲೆ ಕೂತು, ಜಾಲಿಸಿದ ನೀರು ಬಾವಿಗೆ ಇಳಿದದ್ದನ್ನು ಕಣ್ಣಾರೆ ನೋಡಿ, ಆಮೇಲೆ ಕುಡಿದಳು. ನಾನು ಪಾಸಾದೆ. ಬೆಳಗೊಳದಲ್ಲಿ ಹೈಸ್ಕೂಲು ಮುಗಿಸುವವರೆಗೂ ಅವನೇ ಸೋಸಿದ. ಅವನು ನೆಟ್ಟಗೆ ಕಲಿತ ವಿದ್ಯೆ ಅದೊಂದೇ.

ಈಗ ಯಾರೂ ಹೇಳಿಕೊಡಲಿಲ್ಲವಂತೆ! ತಡೆಯಲಾಗದೆ, "ಪದ್ಮಣ್ಣ, ಆ ಮಲ್ಲಿಗೆ ಗಿಡ ಚೆನ್ನಾಗಿ ಹೂ ಬಿಡ್ತಿತ್ತು, ಅಲ್ವಾ?" ಅಂದೆ. ಅವನ ಮುಖ ಹುಳ್ಳಗಾಯಿತು. "ಯಾವ ಗಿಡ ತಾತ?" ಎಂದು ಮೊಮ್ಮಗ ಗಂಟುಬಿದ್ದ. ಅಣ್ಣ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು, "ನಮ್ಮಜ್ಜಿ ಒಂದು ದಿನ ಬಾಯಾರಿ ಕೂತು ನಂಗೆ ಕಲಿಸಿದ್ಲು ಕಣೋ" ಅಂದ.

ಆಮೇಲೆ ಅಣ್ಣನೇ ಎದ್ದು ಹೋಗಿ, ನಲ್ಲಿಯ ಬಟ್ಟೆ ಸರಿಮಾಡಿ, ಒಂದು ಲೋಟ ನೀರು ಹಿಡಿದು ತಂದು ನನ್ನ ಮುಂದಿಟ್ಟ. ಕುಡಿದೆ. ಚಪ್ಪಾಳೆ ಮಾತ್ರ ತಟ್ಟಲಿಲ್ಲ.