ಜವಳಕ್ಕೆ ಸಿಕ್ಕಿದ ಒಂದು ಬೆಳಗು

ಬರ್ಮಿಂಗ್‌ಹ್ಯಾಮ್‌ನ ಹಾರ್ಬೋರ್ನ್‌ನಲ್ಲಿರುವ ನಮ್ಮಂಥ ಡಾಕ್ಟರುಗಳಿಗೆ ಆಸ್ಪತ್ರೆಯ ಪಾಳಿಪಟ್ಟಿ, ಅಂದರೆ ರೋಟಾವೇ ಪಂಚಾಂಗ. ಅದರಲ್ಲಿ ಒಂದು ಶನಿವಾರ-ಭಾನುವಾರ ಬಿಡುವು ದಕ್ಕಿಸಿಕೊಳ್ಳಲು ಮೂವರ ಶಿಫ್ಟ್ ನನ್ನ ತಲೆಗೆ ಕಟ್ಟಿಕೊಂಡೆ. ಕಾರಣ, ಕೀನ್ಯಾದ ಕಿಸುಮುವಿನಲ್ಲಿ, ವಿಕ್ಟೋರಿಯಾ ಸರೋವರದ ದಂಡೆಯಲ್ಲಿರುವ ಅಕ್ಕನ ಮಗನ ಜವಳ. ಮಗುವಿನ ಮೊದಲ ಕೂದಲಿಗೆ ಸೋದರಮಾವನೇ ಕತ್ತರಿ ಹಾಕಬೇಕು. ಸೋದರಮಾವ ರಜೆಯಿಲ್ಲ, ರಜೆಯಿಲ್ಲ ಎನ್ನುತ್ತ ವರ್ಷಗಟ್ಟಲೆ ಮುಂದೂಡಿದ್ದ. ಹುಡುಗನ ಕೂದಲು ಜಡೆಗೆ ಬಂದಿತ್ತು. ಇನ್ನೆರಡು ವಾರಕ್ಕೆ ಮೂರು ತುಂಬಿ ನಾಲ್ಕನೆಯದು ಹಿಡಿಯುತ್ತದೆ. ಸಮ ವರ್ಷದಲ್ಲಿ ಜವಳ ಮಾಡುವಂತಿಲ್ಲ.

"ನೀ ಬರಲಿಲ್ಲಂದ್ರ ಇವನಿಗೆ ರಿಬ್ಬನ್ ಕಟ್ಟೇ ಸಾಲಿಗೆ ಕಳಸ್ತೀನಿ ನೋಡು," ಎಂದಿದ್ದಳು ಅಕ್ಕ. ಅಳುವ ದನಿಯಿತ್ತು.

ಶುಕ್ರವಾರ ಸಂಜೆ ಬರ್ಮಿಂಗ್‌ಹ್ಯಾಮ್ ಬಿಟ್ಟು, ಮೂರು ವಿಮಾನ ಹತ್ತಿಳಿದು ಶನಿವಾರ ಮಧ್ಯಾಹ್ನ ಮುಟ್ಟಿದೆ. ಅಳಿಯ ಗಳಿಗೆಯಲ್ಲಿ ಒಲಿದ. ನಮ್ಮ ಮೇಲಿನ ಹಿರಿಯ ಡಾಕ್ಟರ್, ಕನ್ಸಲ್ಟೆಂಟ್, ಮೂಗಿನಲ್ಲೇ ಮಾತಾಡುವುದನ್ನು, ರೋಗಿಯೊಬ್ಬ ಕೆಮ್ಮುವ ಮೊದಲೇ ಸಾರಿ ಕೇಳುವುದನ್ನು ಮಾಡಿ ತೋರಿಸಿದೆ. ಬಿದ್ದು ಬಿದ್ದು ನಗುತ್ತ ತೊಡೆಯೇರಿದ. ಕತ್ತರಿ ತೆಗೆದೆ.

ಧಾರವಾಡದಿಂದ ವಿಡಿಯೋ ಕಾಲಿನಲ್ಲಿದ್ದ ಅವ್ವ ಚೀರಿದಳು: "ಏ, ಕೆಳಗಿಡೋ ಅದನ್ನ! ಇವತ್ತು ಶನಿವಾರ ಐತಿ!"

"ಅವ್ವಾ, ನಾಳೆ ಹತ್ತಕ್ಕ ನನ್ನ ವಿಮಾನ."

"ಹತ್ತಕ್ಕ ಹೌದಿಲ್ಲೋ? ಎಂಟಕ್ಕ ಮುಗಸು. ಇಷ್ಟು ಓದಿ ವಾರ ಗೊತ್ತಿಲ್ಲ ನಿನಗ?"

ಶನಿವಾರ ಬಿಡುವಿದೆಯೇ ಎಂದು ನಾಲ್ಕು ತಿಂಗಳು ನೋಡಿದ್ದೆ. ಶನಿವಾರ ಕೂದಲು ತೆಗೆಯಬಾರದು ಎಂದು ಹುಟ್ಟಿದಾಗಿನಿಂದ ಕೇಳಿದ್ದರೂ ಆಗ ಹೊಳೆಯಲಿಲ್ಲ. ಒಲಿದ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಇಡೀ ಸಂಜೆ ಸರೋವರ ನೋಡುತ್ತ ಕುಳಿತೆ. ದಂಡೆಯ ಅಂಗಡಿಗಳಿಂದ ಮೀನು ಕರಿಯುವ ವಾಸನೆ ಬರುತ್ತಿತ್ತು. ತತ್ತಿಯನ್ನೂ ಮುಟ್ಟದ ಅಕ್ಕ ಮೂಗು ಮುಚ್ಚುವುದನ್ನು ಬಿಟ್ಟು ಎಷ್ಟು ವರ್ಷವಾಯಿತೋ.

ಭಾನುವಾರ ಆರೂವರೆಗೆ ಎಬ್ಬಿಸಿದರೆ ಹುಡುಗನ ಕಣ್ಣಿಗೆ ನಾನು ಕಳ್ಳ. ಕನ್ಸಲ್ಟೆಂಟನ ಮೂಗುದನಿ ತೆಗೆದೆ, ನಗಲಿಲ್ಲ. ಅವ್ವನ ಹಾಗೆ ಚೀರಿದೆ, ಅತ್ತ. ಫೋನಿನೊಳಗಿಂದ ಅವ್ವನೂ ಬೈದಳು. ಕೊನೆಗೆ ರೋಟಾ ಮಾಡುವವಳ ಮುಂದೆ ಹಲ್ಲು ಗಿಂಜಿ ರಜೆ ಬೇಡುವ ನನ್ನನ್ನೇ ಮಾಡಿ ತೋರಿಸಿದೆ. ಅಕ್ಕ ನಕ್ಕಳು, ಅವನು ಮೇಜಿನ ಕೆಳಗೆ ಹೊಕ್ಕ. ಎಂಟು ದಾಟಿತ್ತು. ಹೊರಗೆ ಭಾವ ಕಾರಿನ ಹಾರ್ನ್ ಒತ್ತುತ್ತಲೇ ಇದ್ದರು.

"ಮಾಮಾ ಫಸ್ಟ್," ಎಂದಿತು ಮೇಜಿನ ಕೆಳಗಿನ ದನಿ.

ನಾನೂ ತೂರಿ, ಕತ್ತರಿ ಅವನ ಕೈಗೆ ಕೊಟ್ಟು ತಲೆ ಬಗ್ಗಿಸಿದೆ. ಅಕ್ಕ ಅವನ ಕೈ ಹಿಡಿದುಕೊಳ್ಳುವಷ್ಟರಲ್ಲಿ ಕಚಕ್! ನನ್ನ ಹಣೆಯ ಮೇಲಿನ ಕೂದಲು ಹಿಡಿಗಟ್ಟಲೆ ಅವನ ಮುಷ್ಟಿಯಲ್ಲಿತ್ತು. ಅದನ್ನು ನೋಡುತ್ತ ಅವನು ಬಾಯಿ ತೆರೆದು ಕೂತಾಗ ಕತ್ತರಿ ಕಸಿದು ಅವನದೊಂದು ಎಳೆ ಕತ್ತರಿಸಿದೆ. ಅಕ್ಕ ಸೆರಗೊಡ್ಡಿ ಹಿಡಿದಳು, ಅದರಲ್ಲೇ ಕಣ್ಣೊರೆಸಿಕೊಳ್ಳಲು ಹೋಗಿ ತಡೆದುಕೊಂಡಳು.

"ಇವಂದು ಮುಗೀತು. ಇನ್ನ ಈ ತಲೀ ನೋಡಿ ನಿನಗ ಹೆಣ್ಣು ಯಾರು ಕೊಡತಾರೋ! ಓಡು, ಓಡು!" ಎಂದಳು ಅಕ್ಕ.

ಓಡಿ ಕಾರು ಹತ್ತಿದೆ. ಅಂಗಿಯೊಳಗೆ ಬಿದ್ದ ಕೂದಲು ಬರ್ಮಿಂಗ್‌ಹ್ಯಾಮ್ ಮುಟ್ಟುವವರೆಗೂ ಚುಚ್ಚುತ್ತಿತ್ತು.