ಐನೂರು ಬಸ್ಕಿಯ ರಕ್ತ

ಒಂಟಿಕೊಪ್ಪಲಿನ ಸಿದ್ದಲಿಂಗಸ್ವಾಮಿಯವರು ಸೈಕಲ್ ಅಂಗಡಿ ಇಟ್ಟುಕೊಂಡು ಬದುಕಿದ್ದು ನಿಜ, ಆದರೆ ಯಾರಾದರೂ ಉದ್ಯೋಗ ಕೇಳಿದರೆ ಪೈಲ್ವಾನ ಎಂದೇ ಹೇಳುವರು. ಕುಸ್ತಿ ಬಿಟ್ಟು ಇಪ್ಪತ್ತು ವರ್ಷವಾಗಿತ್ತು, ಮೀಸೆಗೆ ಮಾತ್ರ ಆ ಸುದ್ದಿ ಯಾರೂ ಮುಟ್ಟಿಸಿರಲಿಲ್ಲ. ಹೆಂಡದ ವಾಸನೆಯನ್ನೂ ನೋಡೆನೆಂದು ಗರಡಿಯಲ್ಲಿ ಉಸ್ತಾದರಿಗೆ ಕೊಟ್ಟ ಮಾತನ್ನು ಅವರು ಒಂದು ದಿನವೂ ತಪ್ಪಿರಲಿಲ್ಲ.

೧೯೯೮ರಲ್ಲಿ ಅವರಿಗೆ ಐವತ್ತೈದು ತುಂಬಿತು. ಹೆಂಡತಿ ಪಾರ್ವತಮ್ಮ ಗಂಟುಬಿದ್ದು ಯಾದವಗಿರಿಯ ಡಾಕ್ಟರ್ ಸುದರ್ಶನರ ಬಳಿಗೆ ಕರೆದೊಯ್ದರು. ಡಾಕ್ಟರು ರಕ್ತಪರೀಕ್ಷೆಗೆ ಬರೆದುಕೊಟ್ಟರು. ರಿಪೋರ್ಟ್ ಬಂದಾಗ ಅವರ ಹುಬ್ಬು ಮೇಲೇರಿತು. ಲಿವರಿನ ಎರಡು ಕಿಣ್ವಗಳು ನಲವತ್ತರೊಳಗೆ ಇರಬೇಕಾದದ್ದು, ಒಂದು ತೊಂಬತ್ತು, ಇನ್ನೊಂದು ನೂರ ಅರವತ್ತು.

ಕುಡಿಯುವ ಅಭ್ಯಾಸ ಇದೆಯೇ ಎಂದು ಡಾಕ್ಟರು ಮೆಲ್ಲಗೆ ಕೇಳಿದರು. ಪೈಲ್ವಾನರು ಉತ್ತರಿಸುವ ಗೋಜಿಗೇ ಹೋಗದೆ, ನೀನೇ ಹೇಳು ಎನ್ನುವಂತೆ ಹೆಂಡತಿಯತ್ತ ತಿರುಗಿದರು. ಪಾರ್ವತಮ್ಮ ತುಟಿ ಬಿಚ್ಚದೆ ನೆಲ ನೋಡುತ್ತ ಕುಳಿತರು. ಮೂವತ್ತು ವರ್ಷ ಸಂಸಾರ ಮಾಡಿದವಳಿಗೇ ಅನುಮಾನ! ಅಖಾಡದಲ್ಲಿ ಬೆನ್ನಿಗೆ ಮಣ್ಣು ಹತ್ತಿದಾಗಲೂ ಅವರಿಗೆ ಅಷ್ಟು ನೋವಾಗಿರಲಿಲ್ಲ.

“ಕುಡುಕನ ಮೈಯೇನ್ರೀ ಡಾಕ್ಟ್ರೇ ಇದು?” ಎಂದು ಎದೆ ತಟ್ಟಿಕೊಂಡರು. “ರಕ್ತ ಚುರುಕಾಗಿರ್ಲಿ ಅಂತ ಹಿಂದಿನ್ ದಿನ ಐನೂರು ಬಸ್ಕಿ ಹೊಡ್ದು ಬಂದು ಕೊಟ್ಟಿದ್ದೀನಿ.”

ಡಾಕ್ಟರು ಪೆನ್ನು ಕೆಳಗಿಟ್ಟು, ದಿನಾ ಎಷ್ಟು ಹೊಡೆಯುತ್ತೀರಿ ಎಂದು ವಿಚಾರಿಸಿದರು. ದಿನಾ ಏನೂ ಇಲ್ಲ, ಪರೀಕ್ಷೆ ಎಂದಮೇಲೆ ತಯಾರಿ ಬೇಡವೇ ಎಂದರು ಇವರು. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಈ ಕಿಣ್ವಗಳು ಲಿವರಿನಲ್ಲಿ ಮಾತ್ರವಲ್ಲ, ಮಾಂಸಖಂಡದಲ್ಲೂ ಇರುತ್ತವೆ. ಅಭ್ಯಾಸ ತಪ್ಪಿದ ಮೈಯನ್ನು ಹೀಗೆ ದಂಡಿಸಿದರೆ ಅಲ್ಲಿಂದಲೂ ರಕ್ತಕ್ಕೆ ಸೋರುತ್ತವೆ. ಕಾರಣ ಇದೇನಾ ಎಂದು ಖಚಿತವಾಗಬೇಕಾದರೆ ಹದಿನೈದು ದಿನ ಬಸ್ಕಿಯ ಹೆಸರೆತ್ತದೆ ಮತ್ತೆ ರಕ್ತ ಕೊಡಿ ಎಂದರು.

ಆ ಹದಿನೈದು ದಿನ ಪೈಲ್ವಾನರು ಹೆಂಡತಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಉಪ್ಪು ಬೇಕಾದರೂ ಗೋಡೆಯನ್ನು ಕೇಳಿದರು. ಹೊಸ ರಿಪೋರ್ಟಿನಲ್ಲಿ ಎರಡೂ ಮೂವತ್ತರ ಆಸುಪಾಸಿಗೆ ಇಳಿದಿದ್ದವು. ಡಾಕ್ಟರ ಮನೆಯ ಮೆಟ್ಟಿಲಲ್ಲೇ ಅದನ್ನು ಪಾರ್ವತಮ್ಮನ ಮುಂದೆ ಹಿಡಿದು, ಅವತ್ತು ಯಾಕೆ ಸುಮ್ಮನಿದ್ದೆ ಎಂದು ಕೇಳಿಯೇ ಬಿಟ್ಟರು.

“ನೀವು ಕುಡಿಯಲ್ಲ ಅಂತ ನಂಗೊತ್ತಿಲ್ವಾ?” ಪಾರ್ವತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. “ಕದ್ದು ಕುಡ್ದಿದ್ರೂ ಸರಿ ಅಂತ ದೇವ್ರಿಗೆ ಕೈಮುಗೀತಿದ್ದೆ ಕಣ್ರೀ. ಕುಡಿತ ಆದ್ರೆ ಬೈದು ಬುಡಿಸ್ಬೋದು. ಕುಡೀದೇ ಬಂದ ಕಾಯ್ಲೆನ ಎಂಗೆ ಬುಡಿಸ್ಲಿ?”

ಪೈಲ್ವಾನರು ರಿಪೋರ್ಟನ್ನು ಮಡಚಿ ಜೇಬಿಗಿಟ್ಟರು. ಸೈಕಲ್ ತಳ್ಳಿಕೊಂಡು ಅವಳ ಪಕ್ಕದಲ್ಲೇ ಮನೆಯವರೆಗೂ ನಡೆದರು.